ಹಳೇ ಸ್ಪೋರ್ಟ್ಸ್ ಕಾರಿನ ಎಕ್ಸಾಸ್ಟ್ ದಿಢೀರನೆ ಲೀಕ್ ಆದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ರಾತ್ರಿ ನಿಲ್ಲಿಸುವಾಗ ಸರಿಯಾಗಿದ್ದ ಕಾರು ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬೇರೆಯದೇ ದನಿ ತೆಗೆಯುತ್ತದೆ. ಒಂದೋ ಬಾನೆಟ್ ಕೆಳಗಿನಿಂದ ಟಿಕ್ ಟಿಕ್, ಇಲ್ಲಾ ಕಾರಿನ ಅಡಿಯಿಂದ ಭರ್ರೋ ಅನ್ನುವ ಗದ್ದಲ. ಹಳೇ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರಿಗೆ ಎಕ್ಸಾಸ್ಟ್ ಲೀಕ್, ಅಂದರೆ ಎಂಜಿನ್ನಿನ ಹೊಗೆ ಸಾಗಿಸುವ ಪೈಪುಗಳಲ್ಲಿ ಸಂದಿ ಬೀಳುವುದು, ಒಂದಲ್ಲ ಒಂದು ದಿನ ಎದುರಾಗುತ್ತದೆ. ಆಗ ನೆನಪಿಡಬೇಕಾದ ಮುಖ್ಯ ಮಾತು ಇಷ್ಟು: ಲೀಕ್ ಎಲ್ಲಿದೆ ಅಂತ ಖಚಿತವಾಗುವ ತನಕ ಯಾವ ಭಾಗವನ್ನೂ ಕೊಳ್ಳಬೇಡಿ, ಯಾವ ಬೋಲ್ಟನ್ನೂ ಬಿಚ್ಚಬೇಡಿ. ಸುಮ್ನೆ ಬಿಚ್ಚಿ ನೋಡೋಣ ಅಂತ ಕೈ ಹಾಕಿದ ಬೋಲ್ಟೇ ಹಳೇ ಕಾರಿನಲ್ಲಿ ಮುರಿದು ಕೂರುತ್ತದೆ.

ಇದು ಎಕ್ಸಾಸ್ಟ್ ಲೀಕೇ ಅಂತ ಹೇಗೆ ಗೊತ್ತಾಗುತ್ತದೆ?

ಸದ್ದು, ವಾಸನೆ, ಮಸಿ. ಈ ಮೂರರಲ್ಲಿ ಎರಡು ಸಿಕ್ಕಿದರೆ ಹೆಚ್ಚುಕಡಿಮೆ ಖಚಿತ.

ಲೀಕ್ ಮುಂದಿದೆಯಾ ಹಿಂದಿದೆಯಾ ಅನ್ನುವುದನ್ನು ಸದ್ದೇ ಹೇಳುತ್ತದೆ. ಎಲ್ಲ ಸಿಲಿಂಡರಿನ ಹೊಗೆಯನ್ನು ಒಂದು ಪೈಪಿಗೆ ಸೇರಿಸುವ, ಎಂಜಿನ್ನಿಗೆ ಅಂಟಿಕೊಂಡಿರುವ ಮ್ಯಾನಿಫೋಲ್ಡ್ ಹತ್ತಿರ ಹೊಗೆ ಇನ್ನೂ ಬಿಡಿಬಿಡಿಯಾಗಿ, ಒಂದೊಂದು ಸಿಲಿಂಡರ್ ಉಗುಳಿದ ಹಾಗೆ ಬರುತ್ತಿರುತ್ತದೆ. ಅದಕ್ಕೇ ಅಲ್ಲಿಯ ಲೀಕ್ ಟಿಕ್ ಟಿಕ್ ಅಥವಾ ಚಫ್ ಚಫ್ ಅನ್ನುತ್ತದೆ. ಪೈಪಿನಲ್ಲಿ ಹಿಂದೆ ಹೋದಂತೆ ಎಲ್ಲ ಬೆರೆತು ಸದ್ದು ದಪ್ಪಗಾಗುತ್ತದೆ. ಸೈಲೆನ್ಸರ್ ಒಡೆದಿದ್ದರೆ ಟಿಕ್ ಟಿಕ್ ಇರುವುದಿಲ್ಲ, ಬರೀ ಗದ್ದಲ.

ಇನ್ನೊಂದು ಗುರುತು ಭಾರದ್ದು. ಆಕ್ಸಿಲರೇಟರ್ ಒತ್ತಿ ಏರು ಹತ್ತುವಾಗ ಸದ್ದು ಜೋರಾಗಿ, ಕಾಲು ತೆಗೆದ ಕೂಡಲೇ ಕಡಿಮೆಯಾದರೆ ಅದು ಲೀಕಿನ ಲಕ್ಷಣ. ನಿಂತಲ್ಲೇ ರೇಸ್ ಮಾಡಿದಾಗ ಅಷ್ಟಾಗಿ ಕೇಳಿಸದ ಸಣ್ಣ ಲೀಕ್ ಕೂಡ ಓಡುವಾಗ, ಗೋಡೆಯೊಂದರ ಪಕ್ಕದಲ್ಲಿ ಕಿಟಕಿ ಇಳಿಸಿಕೊಂಡು ಹೋದರೆ ಚೆನ್ನಾಗಿ ಕೇಳಿಸುತ್ತದೆ.

ಲೀಕ್ ಇರುವಾಗ ಕಾರು ಓಡಿಸಬಹುದಾ?

ಕಾರಿನೊಳಗೆ ಹೊಗೆಯ ವಾಸನೆ ಬರುತ್ತಿದ್ದರೆ ಓಡಿಸಬೇಡಿ. ಟೋ ಮಾಡಿಸಿ.

ಇದರಲ್ಲಿ ನಾನು ಸ್ವಲ್ಪವೂ ಸಡಿಲ ಬಿಡುವುದಿಲ್ಲ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಮಗೆ ಬರುವ ವಾಸನೆ ಹೊಗೆಯಲ್ಲಿರುವ ಬೇರೆ ಅನಿಲಗಳದ್ದು. ರಕ್ತದ ಹಿಮೋಗ್ಲೋಬಿನ್ ಆಕ್ಸಿಜನ್ನನ್ನು ಹಿಡಿಯುವುದಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಅಷ್ಟು ಸುಲಭವಾಗಿ ಬಿಡುವುದಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು ಬಂದರೆ ಕಾರು ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಬಯಲಿಗೆ ಬನ್ನಿ. ತಲೆನೋವು ತಾನಾಗೇ ಹೋಗಲಿ ಅಂತ ಕಾಯದೆ ಡಾಕ್ಟರ ಹತ್ತಿರ ಹೋಗಿ.

ಹಳೇ ಕಾರಿನಲ್ಲಿ ಅಪಾಯ ಜಾಸ್ತಿ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ಇಲ್ಲದ ಕಾರ್ಬ್ಯುರೇಟರ್ ಕಾರು ಐಡ್ಲಿಂಗ್‌ನಲ್ಲಿ ಬಿಡುವ ಹೊಗೆಯಲ್ಲಿ ಶೇಕಡಾ 2ರಿಂದ 4ರಷ್ಟು ಕಾರ್ಬನ್ ಮೊನಾಕ್ಸೈಡ್ ಇರುವುದು ಮಾಮೂಲು. ಶೇಕಡಾ 1 ಅಂದರೇನೇ 10,000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ ಅನ್ನುವ ಲೆಕ್ಕ). ಕ್ಯಾಟ್ ಇರುವ ಕಾರಾದರೂ ಲೀಕ್ ಕ್ಯಾಟ್‌ಗಿಂತ ಮುಂದಿದ್ದರೆ ಹೊರಬರುವುದು ಶುದ್ಧವಾಗದ ಹೊಗೆಯೇ.

ಮನೆಯಲ್ಲಿ ಹಾಕುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನು ಸೀಟಿನ ಮೇಲಿಟ್ಟು, ಕೂಗಲಿಲ್ಲ ಅಂತ ಸಮಾಧಾನಪಡುವವರಿದ್ದಾರೆ. ಅದು ಸಾಕಾಗುವುದಿಲ್ಲ. ಆ ಅಲಾರಂಗಳನ್ನು ತಡವಾಗಿ ಕೂಗುವಂತೆಯೇ ಮಾಡಿರುತ್ತಾರೆ. ಅಮೆರಿಕದ ಯುಎಲ್ 2034 ಮಾನದಂಡದ ಪ್ರಕಾರ 70 ಪಿಪಿಎಂ ಇದ್ದಾಗ ಅಲಾರಂ ಕನಿಷ್ಠ ಒಂದು ಗಂಟೆ ಸುಮ್ಮನಿರಬೇಕು. ನಿಮಗೆ ಬೇಕಾದದ್ದು ಆ ಕ್ಷಣದ ಅಂಕಿ ತೋರಿಸುವ ಸಣ್ಣ ಡಿಜಿಟಲ್ ಮೀಟರ್.

ವಾಸನೆ ಒಳಗೆ ಬರುತ್ತಿಲ್ಲ, ಲೀಕ್ ಹಿಂದಿನ ಸೈಲೆನ್ಸರ್‌ನಲ್ಲೇ ಇದೆ ಅಂತ ಖಚಿತವಿದ್ದರೆ ಗ್ಯಾರೇಜಿನ ತನಕ ನಿಧಾನವಾಗಿ ಹೋಗಬಹುದು. ಡಿಕ್ಕಿ ಪೂರ್ತಿ ಮುಚ್ಚಿರಲಿ. ಕಾರು ಓಡುವಾಗ ಅದರ ಬೆನ್ನ ಹಿಂದೆ ಒತ್ತಡ ಕಡಿಮೆಯಾಗಿ ಹೊಗೆ ಅಲ್ಲೇ ಸುತ್ತುತ್ತಿರುತ್ತದೆ. ಡಿಕ್ಕಿಯ ರಬ್ಬರ್ ಬೀಡಿಂಗ್ ಹಳತಾಗಿದ್ದರೆ ಆ ಸಂದಿಯಿಂದ ಒಳಗೆ ನುಗ್ಗುತ್ತದೆ. ಹಿಂದಿನ ಗಾಜು ಮಾತ್ರ ತೆರೆದರೆ ಇನ್ನೂ ಕೆಟ್ಟದು. ತೆರೆಯುವುದಾದರೆ ಎಲ್ಲ ಕಿಟಕಿ ತೆರೆಯಿರಿ.

ಮುಂದಿನ ಲೀಕಿಗೆ ಇನ್ನೊಂದು ಅಪಾಯ ಇದೆ. ಜೋರಾಗಿ ಓಡಿಸಿದಾಗ ಮ್ಯಾನಿಫೋಲ್ಡ್‌ನ ಹೊಗೆ 700-800 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಆ ಬಿಸಿ ಒಂದೇ ಜಾಗಕ್ಕೆ ಬಡಿಯುತ್ತಿದ್ದರೆ ಎದುರಿಗಿರುವ ವೈರು, ಪೆಟ್ರೋಲ್ ಹೋಸ್, ಬ್ರೇಕ್ ಪೈಪು ಏನಾಗಬಹುದು ಅಂತ ಯೋಚಿಸಿ.

ನಿನ್ನೆ ಚೆನ್ನಾಗಿತ್ತಲ್ವಾ? ಇದ್ದಕ್ಕಿದ್ದಂತೆ ಹೇಗಾಯಿತು?

ಸದ್ದು ಇದ್ದಕ್ಕಿದ್ದಂತೆ ಬಂತು ಅಷ್ಟೇ, ಕಾಯಿಲೆ ಹಳೇದು. ಮ್ಯಾನಿಫೋಲ್ಡನ್ನು ಎಂಜಿನ್ನಿಗೆ ಹಿಡಿದಿಡುವ ತಲೆಯಿಲ್ಲದ ಬೋಲ್ಟಿಗೆ ಸ್ಟಡ್ ಅನ್ನುತ್ತಾರೆ. ಮುರಿದ ಸ್ಟಡ್ ಒಂದನ್ನು ಬೆಳಕಿಗೆ ಹಿಡಿದು ನೋಡಿ. ಮುರಿದ ಮುಖದ ಬಹುಭಾಗ ಕಪ್ಪಗೆ, ಕಂದು ತುಕ್ಕು ಹಿಡಿದಿರುತ್ತದೆ. ಒಂದು ಅಂಚಿನಲ್ಲಿ ಮಾತ್ರ ಉಗುರಿನಷ್ಟು ಜಾಗ ಬೆಳ್ಳಗೆ ಹೊಳೆಯುತ್ತದೆ. ಕಪ್ಪಗಿರುವ ಭಾಗ ಎಷ್ಟೋ ಹಿಂದೆಯೇ ಬಿರುಕು ಬಿಟ್ಟಿತ್ತು. ಹೊಳೆಯುವ ಆ ಚೂರು ಇಷ್ಟು ದಿನ ಒಂಟಿಯಾಗಿ ಭಾರ ಹೊತ್ತು ಈಗ ಕೈಬಿಟ್ಟಿತು.

ಸ್ಟಡ್ ಯಾಕೆ ಹಾಗೆ ಬಿರುಕು ಬಿಡುತ್ತದೆ? ಅರ್ಧ ಮೀಟರ್ ಉದ್ದದ ಬೀಡುಕಬ್ಬಿಣದ ಮ್ಯಾನಿಫೋಲ್ಡ್ 500 ಡಿಗ್ರಿ ಬಿಸಿ ಏರಿದರೆ ಸುಮಾರು 2.5ರಿಂದ 3 ಮಿಲಿಮೀಟರ್ ಹಿಗ್ಗುತ್ತದೆ. ಅದನ್ನು ಕೂರಿಸಿರುವ ಅಲ್ಯೂಮಿನಿಯಂ ಹೆಡ್ಡಿನ (ಎಂಜಿನ್ನಿನ ಮೇಲ್ಭಾಗ) ಬಿಸಿ ಏರುವುದು 80 ಡಿಗ್ರಿಯಷ್ಟೇ, ಹಿಗ್ಗುವುದು 1 ಮಿಲಿಮೀಟರ್‌ಗಿಂತ ಸ್ವಲ್ಪ ಕಡಿಮೆ. ಪ್ರತಿ ಸಲ ಸ್ಟಾರ್ಟ್ ಮಾಡಿದಾಗಲೂ ಮ್ಯಾನಿಫೋಲ್ಡ್ ಹೆಡ್ಡಿನ ಮೇಲೆ ಜಾರುತ್ತದೆ, ಆರಿದಾಗ ವಾಪಸ್ ಬರುತ್ತದೆ. ಈ ಎಳೆದಾಟದ ಜಾಸ್ತಿ ಪಾಲು ಎರಡೂ ತುದಿಯ ಸ್ಟಡ್‌ಗಳಿಗೆ. ಹಾಗಾಗಿ ಮೊದಲು ಮುರಿಯುವುದೂ ತುದಿಯವೇ. ಹುಡುಕುವಾಗ ಮೊದಲು ಅಲ್ಲೇ ನೋಡಿ.

ಸ್ಟಡ್ ಅಲ್ಲದಿದ್ದರೆ ಇವುಗಳಲ್ಲಿ ಯಾವುದೋ ಒಂದು: ಎರಡು ಭಾಗಗಳ ನಡುವಿನ ಸಂದಿ ಮುಚ್ಚುವ ಗ್ಯಾಸ್ಕೆಟ್ ಒಂದು ಕಡೆ ಸುಟ್ಟು ಹಾರಿದೆ. ಎಂಜಿನ್ ಅಲುಗಾಟ ತಡೆಯುವ ಬೆಲ್ಲೋಸ್ ಪೈಪಿನ ಜಾಲರಿ ಹರಿದಿದೆ. ಹ್ಯಾಂಗರ್ ರಬ್ಬರ್ ಕಿತ್ತು ಪೈಪು ಜೋತುಬಿದ್ದು ವೆಲ್ಡಿಂಗ್ ಬಿಟ್ಟಿದೆ. ಸ್ಪೋರ್ಟ್ಸ್ ಕಾರು ತಗ್ಗು, ಹಂಪ್‌ಗೆ ಪೈಪು ಬಡಿದಿದೆ. ಬ್ಯಾಕ್‌ಫೈರ್ ಆಗಿ ಸೈಲೆನ್ಸರ್ ಹೊಲಿಗೆ ಬಿಚ್ಚಿಕೊಂಡಿದೆ.

ಇತ್ತೀಚೆಗೆ ಕಾರಿನ ಮೇಲೆ ಏನಾದರೂ ಕೆಲಸ ಆಗಿತ್ತಾ ಅಂತಲೂ ಕೇಳಿಕೊಳ್ಳಿ. ಎಕ್ಸಾಸ್ಟ್ ಪೈಪಿನಲ್ಲಿ ಕೂತು ಹೊಗೆಯ ಆಕ್ಸಿಜನ್ ಅಳೆಯುವ ಆಕ್ಸಿಜನ್ ಸೆನ್ಸರನ್ನು ಬಿಗಿ ಮಾಡದೆ ಬಿಟ್ಟಿರಬಹುದು. ಹಳೇ ಗ್ಯಾಸ್ಕೆಟನ್ನೇ ಮತ್ತೆ ಕೂರಿಸಿರಬಹುದು. ಹಾಗಿದ್ದರೆ ಕೈ ಹಾಕಿದ ಜಾಗವನ್ನೇ ಮೊದಲು ನೋಡಬೇಕು.

ತಣ್ಣಗಿದ್ದಾಗ ಟಿಕ್ ಟಿಕ್, ಬಿಸಿಯಾದ ಮೇಲೆ ಮಾಯ. ತಾನಾಗೇ ಸರಿಹೋಯಿತಾ?

ಇಲ್ಲ. ಬಿಸಿಗೆ ಲೋಹ ಹಿಗ್ಗಿ ಸಂದಿ ಮುಚ್ಚಿಕೊಂಡಿದೆ. ಮಾರನೇ ದಿನ ಮತ್ತೆ ತೆರೆಯುತ್ತದೆ. ಮ್ಯಾನಿಫೋಲ್ಡ್ ಬಿರುಕು, ಗ್ಯಾಸ್ಕೆಟ್, ಮುರಿದ ಸ್ಟಡ್ ಮೂರೂ ಹೀಗೇ ನಡೆದುಕೊಳ್ಳುತ್ತವೆ. ಗ್ಯಾರೇಜಿಗೆ ಓಡಿಸಿಕೊಂಡು ಹೋದರೆ ಅಲ್ಲಿ ಸದ್ದೇ ಇರುವುದಿಲ್ಲ. ಮೆಕ್ಯಾನಿಕ್ ಏನೂ ಇಲ್ಲವಲ್ಲ ಅನ್ನುತ್ತಾರೆ. ಹಿಂದಿನ ದಿನವೇ ಕಾರು ಬಿಟ್ಟು ಬನ್ನಿ, ಬೆಳಿಗ್ಗೆ ಅವರೇ ತಣ್ಣಗಿರುವಾಗ ಸ್ಟಾರ್ಟ್ ಮಾಡಲಿ.

ಹುಡುಕುವುದನ್ನು ಎಲ್ಲಿಂದ ಶುರು ಮಾಡಬೇಕು?

ತಣ್ಣಗಿರುವ ಎಂಜಿನ್ನಿನಿಂದ, ಮತ್ತು ಬಯಲಿನಲ್ಲಿ. ಮುಚ್ಚಿದ ಶೆಡ್‌ನಲ್ಲಿ ಎಂಜಿನ್ ಓಡಿಸಲೇಬೇಡಿ. ಬಾಗಿಲು ಅರ್ಧ ತೆರೆದಿದ್ದರೂ ಬೇಡ. ಕಾರಿನ ಕೆಳಗೆ ಹೋಗುವುದಾದರೆ ಗಟ್ಟಿ ನೆಲದ ಮೇಲೆ ಸ್ಟ್ಯಾಂಡ್ ಕೊಟ್ಟು, ಚಕ್ರಕ್ಕೆ ಅಡ್ಡ ಇಟ್ಟು ಹೋಗಿ. ಬರೀ ಜ್ಯಾಕ್ ನಂಬಿ ಕೆಳಗೆ ನುಗ್ಗಬೇಡಿ.

ಎಂಜಿನ್ ಆಫ್ ಇರುವಾಗಲೇ ಮೊದಲ ಸುತ್ತು. ಒಳ್ಳೆ ಟಾರ್ಚ್, ಒಂದು ಸಣ್ಣ ಕನ್ನಡಿ ಸಾಕು. ಮ್ಯಾನಿಫೋಲ್ಡ್‌ನ ಒಂದೊಂದು ನಟ್ಟನ್ನೂ ಎಣಿಸಿ. ನಟ್ ಇರಬೇಕಾದ ಕಡೆ ಬರೀ ತೂತಿದ್ದರೆ ಅರ್ಧ ಕೆಲಸ ಮುಗಿಯಿತು. ಇದ್ದರೂ ಬೆರಳಲ್ಲಿ ಅಲ್ಲಾಡಿಸಿ ನೋಡಿ. ಒಳಗೆ ಮುರಿದ ಸ್ಟಡ್ ಎಷ್ಟೋ ಸಲ ನಟ್ ಸಮೇತ ಅಲ್ಲೇ ನೇತಾಡುತ್ತಿರುತ್ತದೆ.

ಆಮೇಲೆ ಮಸಿ. ಲೀಕ್ ಆಗುವ ಜಾಗದಿಂದ ಹೊರಕ್ಕೆ ಗರಿ ಬಿಚ್ಚಿದ ಹಾಗೆ ಕಪ್ಪು ಅಥವಾ ಬೂದು ಬಣ್ಣದ ಗೆರೆ ಹರಡಿರುತ್ತದೆ. ಬುಡದಲ್ಲಿ ಕಡುವಾಗಿ, ತುದಿಗೆ ತೆಳುವಾಗಿ. ಆ ಬುಡವೇ ಲೀಕಿನ ಬಾಯಿ. ಮ್ಯಾನಿಫೋಲ್ಡ್ ಮೇಲೆ ಕಾಣದಿದ್ದರೆ ಅದರ ಎದುರಿಗಿರುವ ಹೀಟ್ ಶೀಲ್ಡ್‌ನ ಒಳಮುಖ ನೋಡಿ. ಜಾಸ್ತಿ ಬಿಸಿಯಾಗುವ ಜಾಗದಲ್ಲಿ ಮಸಿ ಸುಟ್ಟುಹೋಗಿ ಕಬ್ಬಿಣದ ಮೇಲೆ ಬಿಳಿಚಿದ ಕಲೆ ಮಾತ್ರ ಉಳಿದಿರುತ್ತದೆ.

ಎರಡನೇ ಸುತ್ತಿಗೆ ಸ್ಟಾರ್ಟ್ ಮಾಡಿ. ಮೊದಲ ಅರ್ಧ ನಿಮಿಷ ಬಂಗಾರದಂಥ ಸಮಯ. ಲೋಹ ಇನ್ನೂ ಬಿಸಿಯಾಗಿಲ್ಲ, ಸಂದಿ ತೆರೆದೇ ಇದೆ. ಫ್ಯಾನು, ಬೆಲ್ಟಿನಿಂದ ಬಟ್ಟೆ-ಕೂದಲು ದೂರ ಇಟ್ಟುಕೊಂಡು, ಮ್ಯಾನಿಫೋಲ್ಡ್‌ಗೆ ತಾಗಿಸದೆ ಕೈಯನ್ನು ಅದರ ಅಂಚಿನುದ್ದಕ್ಕೂ ಸರಿಸಿ. ಲೀಕ್ ಇರುವಲ್ಲಿ ಪುಸ್ ಪುಸ್ ಅಂತ ಗಾಳಿ ತಾಗುತ್ತದೆ. ಮೀಟರ್ ಉದ್ದದ ರಬ್ಬರ್ ಹೋಸ್ ಇದ್ದರೆ ಒಂದು ತುದಿ ಕಿವಿಗೆ ಹಿಡಿದು, ಇನ್ನೊಂದನ್ನು ಜಾಯಿಂಟ್‌ಗಳ ಹತ್ತಿರ ಓಡಾಡಿಸಿ. ಇಡೀ ಎಂಜಿನ್ ಸದ್ದಿನಲ್ಲಿ ಕಳೆದುಹೋದ ಟಿಕ್ ಒಂದೇ ಜಾಗದಲ್ಲಿ ಚುರುಕಾಗಿ ಕೇಳಿಸುತ್ತದೆ. ಸ್ಕ್ರೂಡ್ರೈವರ್ ಕಿವಿಗಿಟ್ಟುಕೊಂಡು ಕೇಳುವುದು ಬೇರಿಂಗ್ ಸದ್ದಿಗೆ ಒಳ್ಳೇದು. ಲೀಕಿಗೆ ಗಾಳಿಯ ಸದ್ದೇ ಬೇಕು, ಹೋಸೇ ಸರಿ.

ಮೂರನೇದಕ್ಕೆ ಇನ್ನೊಬ್ಬರ ಸಹಾಯ ಬೇಕು. ದಪ್ಪ ಚರ್ಮದ ಗ್ಲೋವ್ ಹಾಕಿ, ಮಡಿಸಿದ ಬಟ್ಟೆಯಿಂದ ಹಿಂದಿನ ಪೈಪಿನ ಬಾಯಿಯನ್ನು ಕೆಲವೇ ಸೆಕೆಂಡು ಒತ್ತಿ ಹಿಡಿಯಲಿ. ಮುಖ ಪಕ್ಕಕ್ಕಿರಲಿ. ಒತ್ತಡ ಬಟ್ಟೆಯನ್ನು ಬಲವಾಗಿ ತಳ್ಳಿದರೆ, ಎಂಜಿನ್ ಮುಗ್ಗರಿಸಿದರೆ ಪೈಪು ಹೆಚ್ಚುಕಡಿಮೆ ಗಟ್ಟಿ ಇದೆ ಅಂತ. ಏನೂ ಒತ್ತಡ ಬಾರದೆ ಬೇರೆಲ್ಲೋ ಸುಯ್ ಅಂದರೆ ಅಲ್ಲಿಗೆ ಹೋಗಿ. ಎರಡು ಬಾಯಿ ಇರುವ ಕಾರಾದರೆ ಎರಡನ್ನೂ ಹಿಡಿಯಬೇಕು.

ಬಿಸಿ ಮ್ಯಾನಿಫೋಲ್ಡ್ ಹತ್ತಿರ ಕಾರ್ಬ್ಯುರೇಟರ್ ಕ್ಲೀನರ್‌ನಂಥ ಉರಿಯುವ ಸ್ಪ್ರೇ ಹೊಡೆದು ಹುಡುಕುವುದನ್ನು ಯಾರು ಹೇಳಿಕೊಟ್ಟರೂ ಮಾಡಬೇಡಿ.

ಮಸಿ ಎಲ್ಲೂ ಕಾಣಲಿಲ್ಲ, ಸದ್ದು ಮಾತ್ರ ಇದೆ. ಮುಂದೇನು?

ಸೋಪಿನ ನೀರು. ನನಗೆ ಎಲ್ಲಕ್ಕಿಂತ ಇಷ್ಟವಾದ ಪರೀಕ್ಷೆ ಇದು, ಯಾಕಂದರೆ ಎಂಜಿನ್ ಓಡಿಸಬೇಕಾಗಿಲ್ಲ, ಕೈ ಸುಡುವುದಿಲ್ಲ, ಊಹೆಗೆ ಜಾಗವಿಲ್ಲ. ಎಂಜಿನ್ ಪೂರ್ತಿ ತಣ್ಣಗಿರಲಿ. ಗಾಳಿ ಊದುವ ಬ್ಲೋವರ್ ಅಥವಾ ವ್ಯಾಕ್ಯೂಮ್ ಕ್ಲೀನರ್‌ನ ಊದುವ ಬಾಯಿಯನ್ನು ಹಿಂದಿನ ಪೈಪಿಗೆ ಇಟ್ಟು ಸುತ್ತ ಬಟ್ಟೆ ತುರುಕಿ. ಇನ್ನೊಂದು ಬಾಯಿ ಇದ್ದರೆ ಮುಚ್ಚಿ. ಈಗ ಸೋಪಿನ ನೀರನ್ನು ಸ್ಪ್ರೇ ಬಾಟಲಿಯಲ್ಲಿ ಜಾಯಿಂಟ್, ವೆಲ್ಡಿಂಗ್, ಸೆನ್ಸರ್ ಬುಡ, ಬೆಲ್ಲೋಸ್, ಮ್ಯಾನಿಫೋಲ್ಡ್ ಅಂಚಿಗೆ ಹೊಡೆಯುತ್ತಾ ಬನ್ನಿ. ಲೀಕ್ ಇರುವಲ್ಲಿ ನೊರೆ ಉಕ್ಕುತ್ತದೆ. ಒಂದರೊಳಗೊಂದು ತೂರಿಸಿ ಕ್ಲ್ಯಾಂಪ್ ಹಾಕಿರುವ ಹಿಂದಿನ ಜಾಯಿಂಟ್‌ಗಳಲ್ಲಿ ನಾಲ್ಕಾರು ಗುಳ್ಳೆ ಬಂದರೆ ತಲೆ ಕೆಡಿಸಿಕೊಳ್ಳಬೇಡಿ, ಅದು ಇರುವುದೇ.

ಕಂಪ್ರೆಸರ್ ಗಾಳಿ ಬಿಡಬೇಡಿ, ಇಲ್ಲಿ ಬೇಕಾದ್ದು ಸಣ್ಣ ಒತ್ತಡ. ಗ್ಯಾರೇಜಿನಲ್ಲಿ ಸ್ಮೋಕ್ ಮೆಷಿನ್ ಇದ್ದರೆ ಇದೇ ಕೆಲಸ ಇನ್ನೂ ಬೇಗ ಆಗುತ್ತದೆ.

ಟಿಕ್ ಟಿಕ್ ಟ್ಯಾಪೆಟ್‌ದಿರಬಹುದಲ್ವಾ?

ಇರಬಹುದು. ಟ್ಯಾಪೆಟ್ ಅಂದರೆ ಎಂಜಿನ್ನಿನ ವಾಲ್ವ್ ತೆರೆಯಲು ತಳ್ಳುವ ಭಾಗ. ಇವೆರಡರ ಸದ್ದನ್ನು ಅನುಭವಸ್ಥರೂ ಅದಲು ಬದಲು ಮಾಡಿಕೊಳ್ಳುತ್ತಾರೆ. ಟ್ಯಾಪೆಟ್ ಸದ್ದು ಎಂಜಿನ್ ವೇಗಕ್ಕೆ ತಕ್ಕಂತೆ ಏರುತ್ತದೆ, ಭಾರ ಬಿದ್ದರೂ ಬೀಳದಿದ್ದರೂ ಅಷ್ಟೇ ಇರುತ್ತದೆ. ಲೀಕಿನ ಸದ್ದು ಭಾರ ಬಿದ್ದಾಗ ಜೋರಾಗುತ್ತದೆ. ಟ್ಯಾಪೆಟ್‌ದು ಲೋಹಕ್ಕೆ ಲೋಹ ತಾಗಿದ ಒಣ ಸದ್ದು. ಲೀಕಿನ ಟಿಕ್‌ನಲ್ಲಿ ಸ್ವಲ್ಪ ಗಾಳಿ ಬೆರೆತಿರುತ್ತದೆ.

ಇನ್ನೂ ಅನುಮಾನವೇ? ಫ್ಯೂಯಲ್ ಇಂಜೆಕ್ಷನ್ ಕಾರಾದರೆ ಐಡ್ಲಿಂಗ್‌ನಲ್ಲಿ ಒಂದೊಂದೇ ಇಂಜೆಕ್ಟರ್‌ನ ಕನೆಕ್ಟರ್ ತೆಗೆದು ನೋಡಿ. ಯಾವ ಸಿಲಿಂಡರ್ ನಿಂತಾಗ ಟಿಕ್ ತಗ್ಗುತ್ತದೋ ಲೀಕ್ ಅದರ ಬಾಯಲ್ಲಿ. ಟ್ಯಾಪೆಟ್ ಆಗಿದ್ದರೆ ಸಿಲಿಂಡರ್ ಉರಿಯದಿದ್ದರೂ ಸದ್ದು ಹಾಗೇ ಇರುತ್ತದೆ. ಇಂಜೆಕ್ಟರ್ ಬಿಟ್ಟು ಪ್ಲಗ್ ವೈರ್ ತೆಗೆದರೆ ಉರಿಯದ ಪೆಟ್ರೋಲ್ ಕ್ಯಾಟ್‌ಗೆ ಹೋಗಿ ಅಲ್ಲಿ ಉರಿಯುತ್ತದೆ. ಕ್ಯಾಟ್ ಇರುವ ಕಾರಿಗೆ ಆ ದಾರಿ ಬೇಡ.

ಸ್ಪಾರ್ಕ್ ಪ್ಲಗ್ ಸಡಿಲವಾಗಿದ್ದರೂ ಥೇಟ್ ಎಕ್ಸಾಸ್ಟ್ ಲೀಕಿನಂತೆಯೇ ಚಫ್ ಚಫ್ ಅನ್ನುತ್ತದೆ. ಮ್ಯಾನಿಫೋಲ್ಡ್ ಬಿಚ್ಚುವ ಮೊದಲು ಪ್ಲಗ್ ಬಿಗಿ ಇದೆಯಾ ನೋಡಿಬಿಡಿ. ಎರಡು ನಿಮಿಷದ ಕೆಲಸ. ತಗಡಿನ ಗಲಗಲ ಕೇಳಿಸಿದರೆ ಅದು ಹೀಟ್ ಶೀಲ್ಡ್. ತಣ್ಣಗಿರುವಾಗ ಬೆರಳ ಗೆಣ್ಣಿನಲ್ಲಿ ತಟ್ಟಿದರೆ ಅದೇ ಸದ್ದು ಮಾಡುತ್ತದೆ.

ಚೆಕ್ ಎಂಜಿನ್ ದೀಪವೂ ಹತ್ತಿದೆ. ಸಂಬಂಧ ಇದೆಯಾ?

ಇರುವ ಸಾಧ್ಯತೆ ಜಾಸ್ತಿ. ಲೀಕ್ ಅಂದರೆ ಹೊಗೆ ಹೊರಬರುವುದು ಮಾತ್ರ ಅಂದುಕೊಳ್ಳುತ್ತೇವೆ. ಆದರೆ ಎಕ್ಸಾಸ್ಟಿನ ಒತ್ತಡ ಅಲೆಅಲೆಯಾಗಿ ಏರಿ ಇಳಿಯುತ್ತದೆ. ಇಳಿದಾಗ ಹೊರಗಿನ ಗಾಳಿಯ ಒತ್ತಡಕ್ಕಿಂತಲೂ ಕೆಳಗೆ ಹೋಗುತ್ತದೆ. ಆಗ ಅದೇ ಸಂದಿಯಿಂದ ಗಾಳಿ ಒಳಗೆ ಎಳೆದುಕೊಳ್ಳುತ್ತದೆ.

ಈ ಗಾಳಿ ಆಕ್ಸಿಜನ್ ಸೆನ್ಸರ್‌ಗೆ ತಗುಲಿದರೆ ಅದು ಪೆಟ್ರೋಲ್ ಕಡಿಮೆಯಾಗಿದೆ ಅಂತ ತಪ್ಪು ಸುದ್ದಿ ಕೊಡುತ್ತದೆ. ಎಂಜಿನ್ನಿನ ಕಂಪ್ಯೂಟರ್ (ಇಸಿಯು) ಅದನ್ನು ನಂಬಿ ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಮೈಲೇಜ್ ಬೀಳುತ್ತದೆ. ಸ್ಕ್ಯಾನರ್‌ನಲ್ಲಿ ಪೆಟ್ರೋಲ್ ಕಡಿಮೆ ಅನ್ನುವ ಪಿ0171 ಅಥವಾ ಪಿ0174 ಕೋಡ್ ಬರುತ್ತದೆ. ಕ್ಯಾಟ್‌ನ ಹಿಂದಿನ ಸೆನ್ಸರ್ ಹತ್ತಿರ ಲೀಕ್ ಇದ್ದರೆ ಕ್ಯಾಟ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಪಿ0420 ಬರಬಹುದು. ಅದನ್ನು ನೋಡಿ ದುಬಾರಿ ಕ್ಯಾಟ್ ಬದಲಾಯಿಸಿದವರಿದ್ದಾರೆ. ಲೀಕ್ ಮುಚ್ಚದೆ ಆ ಕೋಡನ್ನು ನಂಬಲೇಬಾರದು.

ಎಂಜಿನ್ನಿಗೆ ಗಾಳಿ ಹೋಗುವ ಕಡೆಯ ವ್ಯಾಕ್ಯೂಮ್ ಲೀಕ್ ಕೂಡ ಇದೇ ಪಿ0171 ತರುತ್ತದೆ. ಎರಡರ ವ್ಯತ್ಯಾಸ ಪ್ಲಗ್ಗಿನಲ್ಲಿದೆ. ಸೆನ್ಸರ್‌ಗಿಂತ ಮುಂದಿನ ಎಕ್ಸಾಸ್ಟ್ ಲೀಕ್ ಆದರೆ ಕಂಪ್ಯೂಟರ್ ಪೆಟ್ರೋಲ್ ಕಡಿಮೆ ಅನ್ನುತ್ತಿರುತ್ತದೆ, ಪ್ಲಗ್ ಮಾತ್ರ ಕಪ್ಪಗೆ ಮಸಿ ಹಿಡಿದಿರುತ್ತದೆ. ನಿಜವಾಗಿಯೂ ಪೆಟ್ರೋಲ್ ಕಡಿಮೆಯಾಗಿದ್ದರೆ ಪ್ಲಗ್ ಬೆಳ್ಳಗಿರುತ್ತದೆ. ವಿ6, ವಿ8 ಎಂಜಿನ್ ಆದರೆ ಎರಡು ಬ್ಯಾಂಕಿನ (ಸಿಲಿಂಡರ್ ಸಾಲಿನ) ಫ್ಯೂಯಲ್ ಟ್ರಿಮ್, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಅನ್ನುವ ಅಂಕಿ, ಹೋಲಿಸಿ. ಒಂದು ಬ್ಯಾಂಕಿನಲ್ಲಿ ಮಾತ್ರ ಅಂಕಿ ಏರಿದ್ದರೆ ಹುಡುಕುವ ಜಾಗ ಅರ್ಧಕ್ಕೆ ಇಳಿಯಿತು.

ಇಂಥ ಕೋಡ್‌ಗಳನ್ನು ಓದಿಸುವ ಒಬಿಡಿ-2 ವ್ಯವಸ್ಥೆ ಅಮೆರಿಕದಲ್ಲಿ ಕಡ್ಡಾಯವಾದದ್ದು 1996ರ ಮಾಡೆಲ್‌ಗಳಿಂದ. ಅದಕ್ಕಿಂತ ಹಳೇ ಕಾರಾದರೆ ಪ್ಲಗ್ಗೇ ನಿಮ್ಮ ಸ್ಕ್ಯಾನರ್.

ಆಕ್ಸಿಲರೇಟರ್ ಬಿಟ್ಟಾಗ ಹಿಂದಿನಿಂದ ಪಟಪಟ ಸಿಡಿಯುತ್ತದೆ. ಯಾಕೆ?

ಮೇಲೆ ಹೇಳಿದ ಗಾಳಿಯೇ ಕಾರಣ. ಕಾಲು ತೆಗೆದಾಗ ಉರಿಯದ ಪೆಟ್ರೋಲ್ ಸ್ವಲ್ಪ ಪೈಪಿಗೆ ಬರುತ್ತದೆ. ಒಳಗೆ ನುಗ್ಗಿದ ಗಾಳಿ ಸಿಕ್ಕಿ ಬಿಸಿ ಪೈಪಿನಲ್ಲೇ ಹತ್ತಿಕೊಳ್ಳುತ್ತದೆ. ಕೆಲವು ಸ್ಪೋರ್ಟ್ಸ್ ಕಾರುಗಳಲ್ಲಿ ಸ್ವಲ್ಪ ಪಟಪಟ ಮೊದಲಿಂದಲೂ ಇರುತ್ತದೆ. ಹೊಸದಾಗಿ ಶುರುವಾಗಿದ್ದರೆ ಮಾತ್ರ ಲೀಕ್ ಹುಡುಕಿ.

ಪಿಕಪ್ ಬಿದ್ದಿದೆ. ಬ್ಯಾಕ್‌ಪ್ರೆಶರ್ ಹೋಗಿದ್ದಕ್ಕಾ?

ಎಂಜಿನ್ನಿಗೆ ಬ್ಯಾಕ್‌ಪ್ರೆಶರ್ (ಹೊಗೆ ಹೊರಹೋಗುವುದನ್ನು ತಡೆಯುವ ಒತ್ತಡ) ಬೇಕು ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತದೆ. ಅದು ನಿಜವಲ್ಲ. ಒಳ್ಳೆ ಹೆಡರ್‌ನಲ್ಲಿ (ಒಂದೊಂದು ಸಿಲಿಂಡರಿಗೂ ಬೇರೆ ಪೈಪು ಇರುವ ಮ್ಯಾನಿಫೋಲ್ಡ್) ಒಂದು ಸಿಲಿಂಡರಿನ ಹೊಗೆ ಹೊರಡುವಾಗ ಹಿಂದೆ ಒತ್ತಡ ಇಳಿದು, ಮುಂದಿನ ಸಿಲಿಂಡರಿನ ಹೊಗೆಯನ್ನು ಎಳೆದುಕೊಳ್ಳಲು ನೆರವಾಗುತ್ತದೆ. ಸಂದಿ ಬಿದ್ದರೆ ಈ ಎಳೆತ ಕೆಡುತ್ತದೆ. ಅದರ ಜೊತೆ ಸೆನ್ಸರ್‌ನ ತಪ್ಪು ಸುದ್ದಿಯೂ ಸೇರಿ ಪಿಕಪ್ ಬೀಳುತ್ತದೆ. ಟರ್ಬೊ ಕಾರಿನಲ್ಲಿ ಕಥೆ ಇನ್ನೂ ನೇರ. ಲೀಕ್ ಟರ್ಬೊಗಿಂತ ಮುಂದಿದ್ದರೆ ಅದನ್ನು ತಿರುಗಿಸಬೇಕಾದ ಬಲವೇ ಹೊರಗೆ ಹೋಗುತ್ತದೆ. ಬೂಸ್ಟ್ ತಡವಾಗಿ, ಕಡಿಮೆ ಬರುತ್ತದೆ.

ನನ್ನ ಕಾರಿನಲ್ಲಿ ಮೊದಲು ಎಲ್ಲಿ ನೋಡಬೇಕು?

ಏರ್‌ಕೂಲ್ಡ್ ಪೋರ್ಷೆ 911 ಇದ್ದರೆ ಎಲ್ಲ ಬಿಟ್ಟು ಹೀಟ್ ಎಕ್ಸ್‌ಚೇಂಜರ್ ನೋಡಿ. 1998ರ ತನಕ ಬಂದ ಈ ಕಾರುಗಳಲ್ಲಿ ಹೀಟರ್‌ಗೆ ಬೇಕಾದ ಬಿಸಿ ಸಿಗುವುದು ಎಕ್ಸಾಸ್ಟ್ ಪೈಪಿನ ಸುತ್ತ ಹರಿಸಿದ ಗಾಳಿಯಿಂದ. ಆ ಪೈಪಿಗೆ ತೂತು ಬಿದ್ದರೆ ಹೊಗೆ ನೇರವಾಗಿ ನಿಮ್ಮ ಕಾಲಬುಡಕ್ಕೆ ಬರುತ್ತದೆ. ಹೊರಗೆ ಸದ್ದು ಜಾಸ್ತಿ ಇರುವುದೂ ಇಲ್ಲ. ಹಳೇ ಫೋಕ್ಸ್‌ವ್ಯಾಗನ್ ಬೀಟಲ್ ಎಂಜಿನ್ ಮೇಲೆ ಕಟ್ಟಿದ ಕಾರುಗಳಿಗೂ ಇದೇ ಮಾತು. ಅನುಮಾನ ಬಂದರೆ ಹೀಟರ್ ಮುಚ್ಚಿ, ರಿಪೇರಿ ಆಗುವ ತನಕ ತೆರೆಯಬೇಡಿ. ನೀರಿನಿಂದ ತಣ್ಣಗಾಗುವ 996ರಲ್ಲಿ ಮ್ಯಾನಿಫೋಲ್ಡ್ ಬೋಲ್ಟ್ ತುಕ್ಕು ಹಿಡಿದು ತಲೆ ಹಾರುವುದು ಜಾಸ್ತಿ.

ಡಾಟ್ಸನ್ 240ಝಡ್ ಮತ್ತು ಅದರ ತಮ್ಮಂದಿರ ಉದ್ದನೆಯ ಆರು ಸಿಲಿಂಡರ್ ಎಂಜಿನ್ನಿನಲ್ಲಿ ತುದಿಯ ಸ್ಟಡ್ ಮುರಿಯುವುದಕ್ಕೆ ಹೆಸರುವಾಸಿ. ಫೆರಾರಿ ಎಫ್355ರಲ್ಲಿ ಹೆಡರ್ ಪೈಪುಗಳೇ ಬಿರುಕು ಬಿಡುತ್ತವೆ. ಟೊಯೋಟಾ ಎಂಆರ್2 ಥರ ಎಂಜಿನ್ ಸೀಟಿನ ಬೆನ್ನಿಗಿರುವ ಕಾರಾದರೆ ನಡುವಿನ ಗೋಡೆಯಲ್ಲಿ ವೈರು, ಕೇಬಲ್ ಹಾದುಬರುವ ರಬ್ಬರ್ ಬುಷ್‌ಗಳನ್ನೂ ಪರೀಕ್ಷಿಸಿ. ಲೀಕ್ ಸಣ್ಣದಾದರೂ ಬುಷ್ ಹರಿದಿದ್ದರೆ ಹೊಗೆ ಒಳಗೆ ಬರುತ್ತದೆ.

ಸೈಲೆನ್ಸರ್ ಕೆಳಗೆ ಸಣ್ಣ ತೂತಿದೆ, ನೀರು ತೊಟ್ಟಿಕ್ಕುತ್ತದೆ. ಅದೇ ಲೀಕಾ?

ದುಂಡಗೆ, ನೀಟಾಗಿ, ತೀರಾ ಕೆಳಗಿದ್ದರೆ ಅದು ಕಂಪನಿಯೇ ಬಿಟ್ಟ ನೀರಿನ ತೂತು. ಮುಚ್ಚಬೇಡಿ. 1 ಲೀಟರ್ ಪೆಟ್ರೋಲ್ ಉರಿದರೆ ಸುಮಾರು 1 ಲೀಟರ್ ನೀರು ಹುಟ್ಟುತ್ತದೆ, ಆವಿಯ ರೂಪದಲ್ಲಿ. ಸಣ್ಣ ಓಡಾಟದಲ್ಲಿ ಹಿಂದಿನ ಸೈಲೆನ್ಸರ್ ಬಿಸಿಯೇ ಆಗುವುದಿಲ್ಲ, ನೀರು ಒಳಗೇ ನಿಲ್ಲುತ್ತದೆ. ಅಪರೂಪಕ್ಕೆ ಹೊರತೆಗೆಯುವ ಸ್ಪೋರ್ಟ್ಸ್ ಕಾರುಗಳ ಸೈಲೆನ್ಸರ್ ಒಳಗಿನಿಂದ ತುಕ್ಕು ಹಿಡಿಯುವುದು ಹೀಗೆ. ತೂತಿನ ಅಂಚು ಹರಕಲಾಗಿದ್ದು, ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದರೆ ತಗಡು ಒಳಗೆ ಹೋಗುತ್ತಿದ್ದರೆ ಅದು ಬೇರೆ ವಿಷಯ. ಆ ಸೈಲೆನ್ಸರ್ ಮುಗಿಯಿತು.

ಪೇಸ್ಟ್, ಬ್ಯಾಂಡೇಜ್ ಹಾಕಿ ನಿಭಾಯಿಸಬಹುದಾ?

ಕ್ಯಾಟ್‌ಗಿಂತ ಹಿಂದಿನ ಪೈಪಿಗೆ, ಗ್ಯಾರೇಜ್ ಸೇರುವ ತನಕ, ಪರವಾಗಿಲ್ಲ. ಮ್ಯಾನಿಫೋಲ್ಡ್‌ಗೆ ಬೇಡ. ಅಲ್ಲಿಯ ಬಿಸಿ, ಅಲುಗಾಟ, ಹಿಗ್ಗುವಿಕೆಗೆ ಯಾವ ಪೇಸ್ಟೂ ನಿಲ್ಲುವುದಿಲ್ಲ. ಸಾಮಾನ್ಯ ಸಿಲಿಕೋನ್ ಗ್ಯಾಸ್ಕೆಟ್ ಪೇಸ್ಟ್ ಅಂತೂ ಎಲ್ಲೂ ಬಳಸಬೇಡಿ. ಸಿಲಿಕೋನ್ ಆವಿ ಆಕ್ಸಿಜನ್ ಸೆನ್ಸರನ್ನು ಹಾಳು ಮಾಡುತ್ತದೆ.

ಸ್ಟಡ್ ಮುರಿದಿದೆ. ನಾನೇ ತೆಗೆಯಬಹುದಾ?

ಮುರಿದ ತುಂಡು ಹೆಡ್ಡಿನಿಂದ ಹೊರಗೆ ಚಾಚಿದ್ದರೆ ಪ್ರಯತ್ನಿಸಬಹುದು. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ, ಮತ್ತೆ ಹಾಕಿ. ಗಟ್ಟಿ ಹಿಡಿತ ಸಿಕ್ಕರೆ ಸ್ವಲ್ಪ ಬಿಗಿ, ಸ್ವಲ್ಪ ಸಡಿಲ, ಹಿಂದೆ ಮುಂದೆ ಆಡಿಸುತ್ತಾ ತೆಗೆಯಿರಿ. ಒಂದೇ ಸಮ ತಿರುಗಿಸಿದರೆ ಇನ್ನೂ ಒಳಗೆ ಮುರಿಯುತ್ತದೆ.

ಹೆಡ್ಡಿನ ಮಟ್ಟಕ್ಕೇ ಮುರಿದಿದ್ದರೆ ಕೈ ಹಾಕಬೇಡಿ ಅನ್ನುವುದು ನನ್ನ ಸಲಹೆ. ಒಳ್ಳೆ ವೆಲ್ಡರ್ ಮುರಿದ ತುದಿಯ ಮೇಲೆ ನಟ್ ಇಟ್ಟು ವೆಲ್ಡ್ ಮಾಡುತ್ತಾರೆ. ಆ ಬಿಸಿಗೇ ತುಕ್ಕಿನ ಹಿಡಿತ ಬಿಡುತ್ತದೆ, ನಟ್ ಹಿಡಿದು ತಿರುಗಿಸಿದರೆ ತುಂಡು ಹೊರಬರುತ್ತದೆ. ಮನೆಯಲ್ಲಿ ಡ್ರಿಲ್ ಮಾಡಿ ಮುರಿದ ತುಂಡು ತೆಗೆಯುವ ಎಕ್ಸ್‌ಟ್ರ್ಯಾಕ್ಟರ್ ಹಾಕಿದಾಗ ಅದೇ ಒಳಗೆ ಮುರಿದರೆ ಮಾಮೂಲಿ ಡ್ರಿಲ್ ಬಿಟ್ ಅದನ್ನು ಕೊರೆಯುವುದಿಲ್ಲ, ಅಷ್ಟು ಗಟ್ಟಿ ಉಕ್ಕು ಅದು. ಆಮೇಲೆ ಹೆಡ್ ಇಳಿಸಬೇಕಾದೀತು.

ಒಂದು ಸ್ಟಡ್ ಮುರಿದಿದ್ದರೆ ಉಳಿದವೂ ಅಷ್ಟೇ ವರ್ಷ ದುಡಿದಿವೆ. ಬಿಚ್ಚಿದ ಮೇಲೆ ಎಲ್ಲವನ್ನೂ ಬದಲಾಯಿಸಿ.

ಬಿರುಕು ಬಿಟ್ಟ ಮ್ಯಾನಿಫೋಲ್ಡ್ ವೆಲ್ಡ್ ಮಾಡಿಸಬಹುದಾ?

ಬೀಡುಕಬ್ಬಿಣವಾದರೆ ಅದು ಎಲ್ಲರ ಕೈಯ ಕೆಲಸವಲ್ಲ. ಮೊದಲು ಇಡೀ ತುಂಡನ್ನು ಬಿಸಿ ಮಾಡಿ, ನಿಕ್ಕಲ್ ರಾಡಿನಿಂದ ವೆಲ್ಡ್ ಮಾಡಿ, ತುಂಬಾ ನಿಧಾನವಾಗಿ ಆರಲು ಬಿಡಬೇಕು. ಅವಸರ ಮಾಡಿದರೆ ವೆಲ್ಡಿಂಗ್ ಪಕ್ಕದಲ್ಲೇ ಹೊಸ ಬಿರುಕು ಬರುತ್ತದೆ. ಹೊಸ ಮ್ಯಾನಿಫೋಲ್ಡ್ ಸಿಗುವ ಕಾರಾದರೆ ಹೊಸದೇ ಹಾಕಿ. ಸಿಗದ ಕಾರಿಗೆ ಮಾತ್ರ ವೆಲ್ಡಿಂಗ್. ಸ್ಟೀಲ್ ಹೆಡರ್ ಪೈಪುಗಳು ವೆಲ್ಡಿಂಗ್‌ಗೆ ಚೆನ್ನಾಗಿ ಒಗ್ಗುತ್ತವೆ. ಕಾರಿನ ಮೇಲಿದ್ದ ಹಾಗೇ ವೆಲ್ಡ್ ಮಾಡುವುದಾದರೆ ಬ್ಯಾಟರಿ ಕನೆಕ್ಷನ್ ತೆಗೆಸಿ.

ಹೊಸ ಗ್ಯಾಸ್ಕೆಟ್ ಹಾಕಿಸಿದರೂ ಲೀಕ್ ನಿಂತಿಲ್ಲ. ಯಾಕೆ?

ಮ್ಯಾನಿಫೋಲ್ಡ್ ಬಾಗಿದೆ. ಹತ್ತರಲ್ಲಿ ಒಂಬತ್ತು ಸಲ ಅನ್ನುವಷ್ಟು ಧೈರ್ಯದಿಂದ ಹೇಳದಿದ್ದರೂ ನಾನು ಮೊದಲು ನೋಡುವುದು ಇದನ್ನೇ. ಹೆಡ್ಡಿಗೆ ಕೂರುವ ಮುಖದ ಮೇಲೆ ನೇರವಾದ ಉಕ್ಕಿನ ಪಟ್ಟಿ ಇಟ್ಟು, ಕೆಳಗೆ ಫೀಲರ್ ಗೇಜ್ ತೂರಿಸಿ ಅಳೆಯಬೇಕು. ಎಷ್ಟು ಸಂದಿ ಇರಬಹುದು ಅಂತ ನಿಮ್ಮ ಕಾರಿನ ವರ್ಕ್‌ಶಾಪ್ ಮ್ಯಾನುಯಲ್‌ನಲ್ಲಿರುತ್ತದೆ. ಮೀರಿದ್ದರೆ ಲೇತ್ ಅಂಗಡಿಯಲ್ಲಿ ಮುಖ ಮಟ್ಟ ಮಾಡಿಸಬೇಕು. ಬಾಗಿದ ಮ್ಯಾನಿಫೋಲ್ಡನ್ನು ಸ್ಟಡ್‌ಗಳ ಬಲದಿಂದ ಎಳೆದು ಕೂರಿಸಿದರೆ ಅವೇ ಮತ್ತೆ ಮುರಿಯುತ್ತವೆ.

ಹಳೇ ಗ್ಯಾಸ್ಕೆಟ್ ಚೂರು ಅಂಟಿಕೊಂಡಿದ್ದರೂ, ಬಿಗಿ ಮಾಡುವ ಕ್ರಮ ತಪ್ಪಿದರೂ ಹೀಗಾಗುತ್ತದೆ. ಸಾಮಾನ್ಯವಾಗಿ ನಡುವಿನಿಂದ ತುದಿಯ ಕಡೆಗೆ, ಒಂದೇ ಸಲಕ್ಕಲ್ಲದೆ ಹಂತ ಹಂತವಾಗಿ, ಟಾರ್ಕ್ ವ್ರೆಂಚ್‌ನಲ್ಲಿ ಬಿಗಿ ಮಾಡಬೇಕು.

ರಿಪೇರಿ ಆದ ಮೇಲೆ ಏನೇನು ನೋಡಬೇಕು?

ಮಾರನೇ ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಅದೇ ಹೋಸ್ ಹಿಡಿದು ಕೇಳಿ. ಮ್ಯಾನುಯಲ್ ಹೇಳಿದ್ದರೆ ಕೆಲವು ಸಲ ಬಿಸಿಯಾಗಿ ಆರಿದ ನಂತರ ನಟ್‌ಗಳನ್ನು ಮತ್ತೊಮ್ಮೆ ಟಾರ್ಕ್ ಮಾಡಿಸಿ, ಎಂಜಿನ್ ತಣ್ಣಗಿರುವಾಗ ಮಾತ್ರ. ಕೋಡ್ ಅಳಿಸಿ, ಮತ್ತೆ ಬರುತ್ತದಾ ನೋಡಿ. ಲೀಕಿನ ಎದುರಿಗಿದ್ದ ವೈರು, ಹೋಸ್ ಕೈಯಲ್ಲಿ ಬಗ್ಗಿಸಿ ಪರೀಕ್ಷಿಸಿ. ಸುಟ್ಟು ಬಿರುಸಾಗಿದ್ದರೆ ಬದಲಾಯಿಸಿ. ಹ್ಯಾಂಗರ್ ರಬ್ಬರ್, ಎಂಜಿನ್ ಮೌಂಟಿಂಗ್ ಎರಡನ್ನೂ ನೋಡಿಸಿ. ಮೌಂಟಿಂಗ್ ಸತ್ತಿದ್ದರೆ ಎಂಜಿನ್ ಹೊಯ್ದಾಡಿ ಹೊಸ ಬೆಲ್ಲೋಸನ್ನೂ ಹರಿಯುತ್ತದೆ. ಹಳೇ ಮಸಿಯನ್ನು ಬಟ್ಟೆಯಿಂದ ಪೂರ್ತಿ ಒರೆಸಿಬಿಡಿ. ಒಂದೆರಡು ವಾರ ಓಡಿಸಿ ಮತ್ತೆ ಟಾರ್ಚ್ ಹಾಕಿ ನೋಡಿ. ಹೊಸ ಮಸಿ ಬಿದ್ದಿದ್ದರೆ ಆ ಜಾಯಿಂಟ್ ಇನ್ನೂ ಸರಿಯಾಗಿ ಕೂತಿಲ್ಲ.